ಸೊನ್ನೆ ತಪ್ಪಿದ ದೀಪ

ಆ ರಸ್ತೆಯ ಕೊನೆಯ ಗ್ಯಾರೇಜಿನಲ್ಲಿ ಮೊದಲು ಇಬ್ಬರಿದ್ದರು. ಅಣ್ಣನಿಗೆ ಕಿವಿ ಮೇಸ್ತ್ರಿ ಎಂದು ಹೆಸರು, ತಮ್ಮನಿಗೆ ದೀಪದ ಮೇಸ್ತ್ರಿ. ಅಣ್ಣ ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಸದ್ದು ಕೇಳುತ್ತಲೇ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ಆಚೆ ಈಚೆ ತಿರುಗಿಸಿ "ಸಾಕು" ಎನ್ನುತ್ತಿದ್ದ. ತಮ್ಮನಿಗೆ ಅದೆಲ್ಲ ಮಂತ್ರ ಹಾಕಿದ ಹಾಗೆ ಕಾಣುತ್ತಿತ್ತು. ಅವನ ನಂಬಿಕೆಯೆಲ್ಲ ಟೈಮಿಂಗ್ ಲೈಟಿನ ಮೇಲೆ. ಪಿಸ್ತೂಲಿನಂಥ ಆ ದೀಪದ ಕ್ಲಿಪ್ಪನ್ನು ಪ್ಲಗ್ಗಿನ ವಯರಿಗೆ ಸಿಕ್ಕಿಸಿದರೆ, ಕಿಡಿ ಹಾರಿದಾಗಲೆಲ್ಲ ಅದೂ ಮಿಂಚುತ್ತದೆ. ಇಂಜಿನ್ನಿನ ಜೊತೆ ಗಿರ್ರನೆ ಸುತ್ತುವ ಪುಲ್ಲಿಯ ಚಕ್ರ ನಿಂತಂತೆ ಕಂಡು, ಅದರ ಮೇಲಿನ ಬಿಳಿ ಗೆರೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಗೆರೆ ತನ್ನ ಜಾಗದಲ್ಲಿದ್ದರೆ ಕಿಡಿ ಸರಿಯಾದ ಹೊತ್ತಿಗೆ ಹಾರುತ್ತಿದೆ ಎಂದರ್ಥ. ಇಷ್ಟೇ ಸಂಗತಿ. ಇಷ್ಟಕ್ಕೇ ಅಣ್ಣತಮ್ಮಂದಿರು ಬೇರೆಯಾದರು.

ಕಳೆದ ವರ್ಷ ಒಂದು ಟ್ಯಾಕ್ಸಿ ಬಂದಿತ್ತು. ಅಣ್ಣ ಕಿವಿಯಲ್ಲೇ ಕೇಳಿ ಕಿಡಿಯ ಹೊತ್ತು ಕೂರಿಸಿದ. ತಮ್ಮ ದೀಪ ಹಿಡಿದ.

"ಗೆರೆ ಹಿಂದೆ ಇದೆ."

"ಇಂಜಿನ್ ಸರಿಯಾಗಿದೆ ಕಣೋ. ಸ್ವಲ್ಪ ಕೇಳಿಸ್ಕೋ."

"ನಿನ್ನ ಕಿವಿ ಹೋಗಿದೆ ಅಣ್ಣ. ಸುಮ್ನೆ ಆಚೆ ಕೂತ್ಕೋ."

ಟ್ಯಾಕ್ಸಿಯವನು ನಕ್ಕುಬಿಟ್ಟ. ಅಣ್ಣ ಕೈ ಒರೆಸಿಕೊಂಡು, ಟವೆಲ್ಲನ್ನು ಮೊಳೆಗೆ ನೇತುಹಾಕಿ ಹೊರಟವನು ಮತ್ತೆ ಬರಲಿಲ್ಲ. ಅತ್ತಿಗೆಯನ್ನು ಕರೆದುಕೊಂಡು ಮಗಳ ಊರು ಸೇರಿದ.

ಮದುವೆಯ ಗೋಜಿಗೇ ಹೋಗದ ತಮ್ಮ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಉಳಿದ. ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಡಿಸ್ಟ್ರಿಬ್ಯೂಟರ್. ಸೊಂಟ ಹಿಡಿದರೆ ನೀವಿಕೊಳ್ಳುವುದಕ್ಕೂ ತನ್ನ ಕೈಯೇ ಬಿಡುವಾಗಬೇಕು. ಜಗಳ ಕಾಯುವವರೂ ಇಲ್ಲದೆ ಸ್ಪ್ಯಾನರಿಗೆ ಬೈಯುತ್ತಿದ್ದ. ಅದು ಎದುರಾಡುತ್ತಿರಲಿಲ್ಲ. ಅಣ್ಣ ಎದುರಾಡುತ್ತಿದ್ದ, ಅದೇ ಬೇಕಾಗಿತ್ತು. ಫೋನ್ ಮಾಡಬೇಕು ಅನ್ನಿಸುತ್ತಿತ್ತು. ಹಾಳು ಹಟ ಬಿಡುತ್ತಿರಲಿಲ್ಲ.

ಅವತ್ತು ತಮ್ಮ ದೀಪ ನೋಡಿ ಗೆರೆ ಮುಂದೆ ತಂದು ಕಳಿಸಿದ ಆ ಟ್ಯಾಕ್ಸಿಯಿಂದಲೇ ಒಂದು ದೂರು ಶುರುವಾಗಿತ್ತು: ಏರು ಹತ್ತುವಾಗ ಇಂಜಿನ್ ಟಕಟಕ ಬಡಿಯುತ್ತದೆ. ತಮ್ಮ ಯೋಚಿಸದೆ "ಪೆಟ್ರೋಲ್ ಸರಿಯಿಲ್ಲ" ಎನ್ನುತ್ತಿದ್ದ. ಹೀಗೆ ಪಾಪದ ಪೆಟ್ರೋಲು ವರ್ಷವಿಡೀ ಬೈಸಿಕೊಂಡಿತು.

ಒಂದು ಮಧ್ಯಾಹ್ನ, ಹಳೇ ವ್ಯಾನೊಂದನ್ನು ಸರಿಮಾಡಿ ಮುಗಿಸುವಷ್ಟರಲ್ಲಿ ದೀಪ ಆರಿಹೋಯಿತು. ಬೆಂಚಿನ ಮೇಲಿಟ್ಟು ಬಿಚ್ಚಿದ. ಕ್ಲಿಪ್ಪಿನ ಬುಡದಲ್ಲಿ ವಯರ್ ತುಂಡಾಗಿತ್ತು, ಬೆಸುಗೆ ಹಾಕಿದ. ಮುಚ್ಚುವಾಗ, ದೀಪ ಮಿಂಚುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಅದರ ಬೆನ್ನಿನ ತಿರುಪು ಬೆರಳಿಗೆ ಸಿಕ್ಕಿ ಸುಮ್ಮನೆ ಜಾರಿತು. ಅದರ ಮುಳ್ಳು ಸೊನ್ನೆಯ ಮೇಲಿದ್ದರಷ್ಟೇ ದೀಪ ನಿಜ ಹೇಳುವುದು. ಒಳಗಿನ ಪುಟ್ಟ ಸ್ಕ್ರೂ ಸಡಿಲವಾಗಿತ್ತು. ಹೊರಗೆ ಸೊನ್ನೆ ತೋರಿಸುತ್ತಿತ್ತು, ಒಳಗಿನ ಕಡ್ಡಿ ಎಲ್ಲೋ ತಿರುಗಿ ಕೂತಿತ್ತು.

ಕಡ್ಡಿ ಸರಿಪಡಿಸಿ, ಸ್ಕ್ರೂ ಬಿಗಿದು, ಅದೇ ವ್ಯಾನಿಗೆ ದೀಪ ಹಿಡಿದ. ಗೆರೆ ಎಲ್ಲೋ ಮುಂದೆ ಹೋಗಿತ್ತು. ಕಿಡಿ ತೀರಾ ಬೇಗ ಹಾರುತ್ತಿತ್ತು. ಏರಿನಲ್ಲಿ ಇಂಜಿನ್ನುಗಳು ಬಡಿಯುತ್ತಿದ್ದುದೂ ಅದಕ್ಕೇ. ವರ್ಷವಿಡೀ ಅವನು ಸರಿಯಿದ್ದ ಇಂಜಿನ್ನುಗಳನ್ನೇ ಕೆಡಿಸಿ ಕಳಿಸಿದ್ದ. ಅಣ್ಣನ ಕಿವಿಗೆ ಏನೂ ಆಗಿರಲಿಲ್ಲ.

ಅವನು ದೀಪ ಕೆಳಗಿಟ್ಟು, ಕಣ್ಣು ಮುಚ್ಚಿ, ಅಣ್ಣನ ಹಾಗೆ ತಿರುಗಿಸುತ್ತ ಹೋದ. ಒಂದು ಕಡೆ ಸದ್ದು ನಯವಾಯಿತು. ಕೈ ಹಾಗೇ ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಫೋನ್ ಮಾಡಿದ. ಎತ್ತಿದವಳು ಅತ್ತಿಗೆ.

"ಅತ್ತಿಗೆ, ಫೋನನ್ನ ಅಣ್ಣನ ಕಿವಿಗೆ ಹಿಡೀರಿ. ಮಾತಾಡೋದೇನೂ ಬೇಡ, ಕೇಳಿಸ್ಕೊಂಡ್ರೆ ಸಾಕು."

ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದ. ಆ ಕಡೆಯಿಂದ ಬಂದದ್ದು ಅತ್ತಿಗೆಯ ದನಿಯೇ.

"ಅವರಿಗೆ ಕೇಳಿಸ್ತಿಲ್ಲಪ್ಪ. ಈಗ ಕೆಲವು ತಿಂಗಳಿಂದ ಕಿವೀಲಿ ಕೂಗಿದ್ರೇನೇ ಸ್ವಲ್ಪ. ನಿನಗೆ ಹೇಳ್ಬೇಡ ಅಂದಿದ್ರು. ನೀನು ಅಂದಿದ್ದೇ ನಿಜ ಆಯ್ತು ಅಂದ್ಕೋತೀಯ ಅಂತ."

"ಆವತ್ತು ಅವನ ಕಿವಿ ಸರಿಯಾಗೇ ಇತ್ತು ಅಂತ ಹೇಳಿ ಅತ್ತಿಗೆ. ದೀಪ ಕೆಟ್ಟಿತ್ತು. ತಪ್ಪು ನಂದು."

ಅತ್ತಿಗೆ ಅದನ್ನು ಕೂಗಿದಳು. ಮತ್ತೆ ಕೂಗಿದಳು. ಅಕ್ಕಪಕ್ಕದ ಮನೆಗಳಿಗೆಲ್ಲ ತಪ್ಪೊಪ್ಪಿಗೆ ತಲುಪಿರಬೇಕು. ಆಮೇಲೆ ಅಣ್ಣನ ದನಿ ಬಂತು, ಕಿವಿ ಕೇಳದವರ ಏರುದನಿ:

"ಈಗ ನಿನಗೆ ಹೇಗೆ ಕೇಳಿಸ್ತಿದೆಯೋ?"

"ಸರಿಯಾಗಿದೆ ಅಣ್ಣ."

ಅತ್ತಿಗೆ ಅದನ್ನೂ ಕೂಗಿ ದಾಟಿಸಿದಳು.

"ಹಾಗಿದ್ರೆ ಬೋಲ್ಟ್ ಬಿಗಿ ಮಾಡು. ದೀಪ ಹಿಡಿದು ನೋಡ್ಬೇಡ."

ಬಿಗಿ ಮಾಡಿದ. ಒಮ್ಮೆ ದೀಪ ಹಿಡಿಯೋಣವೆಂದು ಕೈ ತುರಿಸಿತು. ಹಿಡಿಯಲಿಲ್ಲ.