ಒಂದು ಎಳೆಯೂ ಹರಿದಿಲ್ಲ

ಕೊರೋನಾ ಮುಗಿದ ಮರುವರ್ಷ ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಇಇಜಿ ಟೆಕ್ನಿಷಿಯನ್ ಆಗಿದ್ದೆ. ತಲೆಗೆ ವೈರು ಅಂಟಿಸಿ, ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ತೋರಿಸುವ ಕೆಲಸ. ಬೇರೆಯವರ ತಲೆ ನೋಡುವವನಿಗೆ ತನ್ನ ತಲೆಯ ಮೇಲೆ ಭರವಸೆ ಇರುವುದಿಲ್ಲ. ಸಣ್ಣ ತಲೆನೋವಿಗೂ ನಾನೇ ವೈರು ಅಂಟಿಸಿಕೊಂಡು ಮಲಗಿದ್ದುಂಟು.

ಬನಹಟ್ಟಿಯ ನೇಕಾರರ ಮನೆಯ ಸೊಸೆ ಕಸ್ತೂರಿಯನ್ನು ಗಂಡ ಈರಣ್ಣ ಮತ್ತು ಅತ್ತೆ ಕರೆತಂದಿದ್ದರು. ಊಟ, ನಿದ್ದೆ, ಮಾತು ಎಲ್ಲ ಬಿಟ್ಟಿದ್ದಳು. ಪವರ್‌ಲೂಮ್ ಮುಂದೆ ನಿಂತವಳು ನಿಂತಲ್ಲೇ ಮಂಕಾಗುತ್ತಿದ್ದಳು. ಮೂರ್ಛೆರೋಗವೇನೋ ಎಂದು ಡಾಕ್ಟರು ಇಇಜಿ ಬರೆದಿದ್ದರು.

ವೈರು ಅಂಟಿಸುವಾಗ ಅವಳು ಮೆಲ್ಲಗೆ ಕೇಳಿದಳು: "ಅಣ್ಣಾರ, ಇದರಾಗ ಏನರ ಕಾಣ್ತೈತಲ್ರಿ?"

"ಕಾಣದಿದ್ರ ಛಲೋ ಅಲ್ಲೇನ ತಂಗಿ?"

"ಕಾಣ್ಲಿರಿ. ಕಂಡ್ರ ಇವರು ನಂಬ್ತಾರ."

ಪರದೆಯ ಮೇಲೆ ಗೆರೆಗಳು ಓಡತೊಡಗಿದವು. ಈರಣ್ಣ ನನ್ನ ಹಿಂದೆ ಬಂದು ನಿಂತ. ಚಿಕ್ಕಂದಿನಿಂದ ಮಗ್ಗದ ಉದ್ದಕ್ಕೂ ಹಾಸಿದ ನೂಲು ನೋಡಿ ಬೆಳೆದ ಕಣ್ಣು. ಎಳೆ ಹರಿದರೆ ಮಗ್ಗ ನಿಲ್ಲಿಸುವುದು, ಇಲ್ಲದಿದ್ದರೆ ಓಡಿಸುವುದು.

"ಯವ್ವಾ, ನೋಡಿಲ್ಲಿ. ಒಂದ್ ಎಳಿನೂ ಹರದಿಲ್ಲ."

"ನಾ ಏನ್ ಹೇಳಿದ್ದೆ? ಕೆಲಸಾ ತಪ್ಪಿಸಾಕ ನಾಟಕ ಹೂಡ್ಯಾಳ," ಎಂದಳು ಅತ್ತೆ.

ರಿಪೋರ್ಟ್ ನಾರ್ಮಲ್ ಬಂತು. ಇದು ಮೂರ್ಛೆಯಲ್ಲ, ಖಿನ್ನತೆ ಇರಬೇಕು, ಬಾಗಲಕೋಟೆಯಲ್ಲಿ ಮನೋವೈದ್ಯರಿಗೆ ತೋರಿಸಿ ಎಂದರು ಡಾಕ್ಟರು. ಹೊರಗೆ ನಾನೂ ವಿವರಿಸಿದೆ: ಖಿನ್ನತೆಯಲ್ಲಿ ಮೆದುಳಿನ ಚಟುವಟಿಕೆ ಬದಲಾಗುತ್ತದೆ, ಸಂಶೋಧಕರು ಬಹಳ ಜನರನ್ನು ಹೋಲಿಸಿದಾಗ ಅದು ತಿಳಿಯುತ್ತದೆ, ಆದರೆ ಒಬ್ಬರ ಇಇಜಿ ನೋಡಿ ಖಿನ್ನತೆ ಇಲ್ಲವೆನ್ನಲು ಬರುವುದಿಲ್ಲ. ನನ್ನ ಮಾತು ನನಗೇ ಜಾರಿಕೊಳ್ಳುವವನ ಮಾತಿನಂತೆ ಕೇಳಿಸಿತು.

"ಹಂಗಾರ ನಿಮ್ಮ ಮಷಿನ್ ಸುಳ್ಳ ಹೇಳ್ತೈತೇನ್ರಿ?" ಎಂದ ಈರಣ್ಣ.

"ಸುಳ್ಳ ಹೇಳೂದಿಲ್ಲ. ಎಲ್ಲಾ ಹೇಳೂದಿಲ್ಲ."

ಆತ ನಕ್ಕ. ಕಸ್ತೂರಿ ಕೂದಲಿಗೆ ಮೆತ್ತಿದ ಪೇಸ್ಟನ್ನೂ ಒರೆಸಿಕೊಳ್ಳದೆ ಸೆರಗು ಹೊದ್ದು ಅವರ ಹಿಂದೆ ನಡೆದಳು. ಬಾಗಲಕೋಟೆಗೆ ಅವರು ಹೋಗಲಿಲ್ಲ.

ಅದು ನನಗೆ ತಿಳಿದದ್ದು ಕೆಲವು ತಿಂಗಳ ಮೇಲೆ, ಅದೇ ಅತ್ತೆ ತನ್ನ ಓಣಿಯ ಗೆಳತಿಯನ್ನೂ ಆಕೆಯ ಸೊಸೆಯನ್ನೂ ಕರೆದುಕೊಂಡು ಬಂದಾಗ.

"ಇಕಿದೂ ನೋಡಿಬಿಡ್ರಿ. ಖರೇನೋ ನಾಟಕಾನೋ ಗೊತ್ತಾಗ್ಲಿ."

"ಕಸ್ತೂರಿ ಹೆಂಗದಾಳ್ರಿ?"

"ಎಲ್ಲಿ ಬಾಗಲಕ್ವಾಟಿ, ಎಲ್ಲಿ ಗುಳಗಿ? ಏನೂ ಬೇಕಾಗ್ಲಿಲ್ರಿ. ಮಗ್ಗಕ್ಕ ನಿಂದರ್ತಾಳ, ಏನಂದ್ರೂ ಅನಿಸ್ಕೊಂಡ ಸುಮ್ನಿರ್ತಾಳ. ನಿಮ್ಮಿಂದ ಭಾಳ ಉಪಕಾರ ಆತು."

ನಾರ್ಮಲ್ ಎಂಬ ಮಾತು ರೋಗಿಗೆ ತಲುಪುವ ಮೊದಲು ಮನೆಯವರ ಕೈ ಸೇರುತ್ತದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಇಷ್ಟು ವರ್ಷಗಳಲ್ಲಿ ಬೈಗುಳ ಬೇಕಾದಷ್ಟು ತಿಂದು ಅರಗಿಸಿಕೊಂಡಿದ್ದೇನೆ. ಆ ಒಂದು ಕೃತಜ್ಞತೆ ಮಾತ್ರ ಇನ್ನೂ ಗಂಟಲಿನಿಂದ ಇಳಿದಿಲ್ಲ.