ಒಂಬತ್ತು ಮೋಟರ್, ಅದೇ ಹತ್ತು ಸೆಕೆಂಡು

ಮೋಟರ್ ರಿವೈಂಡಿಂಗ್ ಮಾಡುವವನಿಗೆ ವಯಸ್ಸು ಐವತ್ತರ ಹತ್ತಿರ ಬಂದಾಗ ಮೊದಲು ಸೋಲುವುದು ಕಣ್ಣು, ಆಮೇಲೆ ಹೆಬ್ಬೆರಳು. ನನಗೆ ಎರಡೂ ಸೋತಿದ್ದವು. ಚಳ್ಳಕೆರೆಯ ನನ್ನ ಅಂಗಡಿಗೆ ಫ್ಯಾನ್ ರಿಪೇರಿಗೆ ತಂದಿದ್ದ ಡಿಪ್ಲೊಮಾ ಕಾಲೇಜಿನ ಮೇಡಂ ಒಬ್ಬರು, ಪ್ರೋಗ್ರಾಮ್ ಬರೆಯುವುದನ್ನು ಕಲಿಯಿರಿ, ಸಣ್ಣ ಚಿಪ್ಪೊಂದು ಪಂಪ್‌ಸೆಟ್ ನೋಡಿಕೊಳ್ಳುತ್ತದೆ ಎಂದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹೆಂಡತಿ ನಕ್ಕಳು. ಆದರೂ ಭಾನುವಾರಗಳಂದು ಮೇಡಂ ಹತ್ತಿರ ಕಲಿಯಲು ಹೋದೆ.

ಪ್ರೋಗ್ರಾಮ್ ಬರೆಯುವ ಆ ಪದ್ಧತಿಯ ಹೆಸರು ಆಬ್ಜೆಕ್ಟ್ ಓರಿಯೆಂಟೆಡ್; ಅದಕ್ಕೆ ನನ್ನ ನಾಲಿಗೆ ಹೊರಳುವುದಕ್ಕೇ ಒಂದು ತಿಂಗಳು ಹಿಡಿಯಿತು. ಮೇಡಂ ಇಟ್ಟಿಗೆಯ ಲೆಕ್ಕದಲ್ಲಿ ಹೇಳಿದರು. ಅಚ್ಚಿಗೆ ಕ್ಲಾಸ್ ಎನ್ನುತ್ತಾರೆ, ಅದರಿಂದ ತೆಗೆದ ಒಂದೊಂದು ಇಟ್ಟಿಗೆಯೂ ಆಬ್ಜೆಕ್ಟ್. ಅಚ್ಚು ಒಂದು ಸಲ ಸರಿಯಾದರೆ ಸಾಕು, ಎಷ್ಟು ಬೇಕಾದರೂ ತೆಗೆಯಬಹುದು. ಒಂದೊಂದೇ ಸುತ್ತು ತಂತಿ ಸುತ್ತಿ ಸವೆದವನಿಗೆ ಈ ಮಾತು ಬಹಳ ಹಿಡಿಸಿತು. ನಾನು ಕಲಿತದ್ದು ವಿದ್ಯೆಯ ಆಸೆಗಲ್ಲ, ಸಾಕಾಗಿತ್ತು, ಅದಕ್ಕೆ.

ತಳಕು ಊರಿನ ಆಚೆ ಒಂದೇ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಒಂಬತ್ತು ಬೋರ್‌ವೆಲ್‌ಗಳಿಗೆ ಕರೆಂಟ್ ಹೋಗುತ್ತದೆ. ಲೈನಿನ ಕಟ್ಟಕಡೆಯ ಹೊಲ ನನ್ನ ದೊಡ್ಡವ್ವನದು. ತ್ರೀಫೇಸ್ ಕರೆಂಟ್ ಬಂದಾಗಲೆಲ್ಲ ಅವಳು ನೋಯುವ ಮೊಣಕಾಲು ಎಳೆದುಕೊಂಡು ಸ್ಟಾರ್ಟರ್ ಒತ್ತಲು ಹೊಲಕ್ಕೆ ನಡೆಯಬೇಕಿತ್ತು. ಆ ನಡಿಗೆ ತಪ್ಪಿಸಬೇಕೆಂದೇ ನಾನು ಆ ಚಿಪ್ಪಿನ ಮೊದಲ ಪೆಟ್ಟಿಗೆ ಮಾಡಿದ್ದು. ಕರೆಂಟ್ ಬಂದ ಹತ್ತು ಸೆಕೆಂಡಿಗೆ ಮೋಟರ್ ಹಾಕಬೇಕು, ವೋಲ್ಟೇಜ್ ಕುಸಿದರೆ ಆರಿಸಬೇಕು, ಸರಿಹೋದ ಮೇಲೆ ಮತ್ತೆ ಹತ್ತು ಸೆಕೆಂಡು ಕಾದು ಹಾಕಬೇಕು. ಒಂದು ತಿಂಗಳು ಚೆನ್ನಾಗಿ ನಡೆಯಿತು. ನೋಡಿದ ಉಳಿದ ಎಂಟು ಜನವೂ ಕೇಳಿದರು. ಅಚ್ಚು ಇತ್ತಲ್ಲ, ಅದೇ ಪ್ರೋಗ್ರಾಮನ್ನು ಎಂಟು ಪೆಟ್ಟಿಗೆಗೂ ತುಂಬಿ, ಕೂರಿಸಿ ಬಂದೆ.

ಮಾರನೇ ದಿನ ಬೆಳಿಗ್ಗೆ ಹೊಲದವರಿಂದ ಫೋನ್ ಬಂತು. ಮೋಟರುಗಳೆಲ್ಲ ಒಟ್ಟಿಗೆ ನರಳಿ, ಒಟ್ಟಿಗೆ ನಿಂತು, ಮತ್ತೆ ಒಟ್ಟಿಗೆ ನರಳುತ್ತಿವೆ ಎಂದರು. ಬಸ್ಸಿನಲ್ಲಿ ಕೂತಾಗಲೇ ನನಗೆ ಹೊಳೆಯಿತು. ಒಂಬತ್ತಕ್ಕೂ ಅದೇ ಹತ್ತು ಸೆಕೆಂಡು. ಒಂದೇ ಕ್ಷಣಕ್ಕೆ ಶುರುವಾದರೆ ವೋಲ್ಟೇಜ್ ಕುಸಿಯದೆ ಏನಾದೀತು? ಕುಸಿದರೆ ಎಲ್ಲವೂ ಆರುತ್ತವೆ, ಹತ್ತು ಸೆಕೆಂಡಿಗೆ ಎಲ್ಲವೂ ಮತ್ತೆ ಏಳುತ್ತವೆ. ನಾನು ಹೋಗಿ ಮೇನ್ ಸ್ವಿಚ್ ತೆಗೆಸುವಷ್ಟರಲ್ಲಿ ವೋಲ್ಟೇಜ್ ಎಲ್ಲರಿಗಿಂತ ಕಡಿಮೆ ಸಿಗುವ ಕೊನೆಯ ಹೊಲದ, ದೊಡ್ಡವ್ವನ ಮೋಟರ್ ಸುಟ್ಟಿತ್ತು. ಅದರ ವೈಂಡಿಂಗೂ ನಾನೇ ಸುತ್ತಿದ್ದು. ಮಾಡಿದ್ದುಣ್ಣೋ ಮಹಾರಾಯ.

ಹೊಲದಲ್ಲಿ ಶೇಂಗಾ ಕಾಯಿ ಕಟ್ಟುವ ಹೊತ್ತು. ವಾರ ನೀರು ತಪ್ಪಿದರೆ ಬೆಳೆ ಮುಗಿದಂತೆ. ದೊಡ್ಡವ್ವ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಬದುವಿನ ಮೇಲೆ ಕೂತು ಕೇಳಿದಳು:

"ಕೊನೇ ಹೊಲದ್ದು ಮೊದ್ಲು ಹಾಕ್ತಿದ್ವಿ. ನೀರು ಬಂದ್ ಮ್ಯಾಲೆ ನಾನು ಟವಲ್ ಬೀಸ್ತಿದ್ದೆ, ಆಮೇಲೆ ಮುಂದ್ಲೋರು ಹಾಕೋರು. ನಿನ್ ಪೆಟ್ಟಿಗಿಗೆ ಅದ್ನ ಹೇಳಿರ್ಲಿಲ್ಲೇನಪ್ಪಾ?"

ಹೇಳಿರಲಿಲ್ಲ. ಆ ಟವಲ್ ನಾನು ಕಂಡು ಬೆಳೆದದ್ದೇ. ಒಂದರ ಹಿಂದೆ ಒಂದು ಟವಲ್ ಏಳುತ್ತ ಒಂಬತ್ತು ಮೋಟರೂ ಪಾಳಿಯಲ್ಲಿ ಶುರುವಾಗುತ್ತಿದ್ದವು. ಪ್ರೋಗ್ರಾಮ್ ಬರೆಯುವಾಗ ಅದೊಂದು ನಿಯಮ ಎಂದು ನನಗೆ ಅನಿಸಲೇ ಇಲ್ಲ. ನಾಚಿಕೆಯಾಯಿತು.

ಮೊಳಕಾಲ್ಮುರಿನಿಂದ ಬೋರ್‌ವೆಲ್‌ನಿಂದ ಮೋಟರ್ ಎತ್ತುವ ಗಾಡಿ ಬಂತು. ಆ ಹುಡುಗರು ತಮ್ಮತಮ್ಮಲ್ಲೇ ತೆಲುಗಿನಲ್ಲಿ ನನ್ನ ಪೆಟ್ಟಿಗೆಯನ್ನು ಆಡಿಕೊಂಡರು, ನನಗೆ ತಿಳಿಯುವುದಿಲ್ಲ ಎಂದುಕೊಂಡು. ಮೂರು ದಿನ ಹೆಬ್ಬೆರಳು ಊದುವಂತೆ ತಂತಿ ಸುತ್ತಿದೆ. ಪಕ್ಕದ ಹೊಲದವರು ಪೈಪ್ ಎಳೆದು ನೀರು ಕೊಟ್ಟದ್ದರಿಂದ ಶೇಂಗಾ ಉಳಿಯಿತು. ಅಚ್ಚು ಒಂದೇ ಆದರೂ ಒಂದೊಂದು ಇಟ್ಟಿಗೆಗೂ ಅದರದೇ ನಂಬರ್ ಕೊಡಬಹುದು, ಅದನ್ನು ಮೊದಲೇ ಹೇಳಿದ್ದೆನಲ್ಲ ಎಂದರು ಮೇಡಂ. ಹೇಳಿದ್ದರು. ಕ್ಲಾಸಿಗೆ ಪಾಳಿ ಎಂದು ಒಂದು ಸಾಲು ಸೇರಿಸಿದೆ. ದೊಡ್ಡವ್ವನದು ಒಂದು, ಟಿಸಿಯ ಪಕ್ಕದ್ದು ಒಂಬತ್ತು. ಒಬ್ಬರಾದ ಮೇಲೆ ಇನ್ನೊಬ್ಬರಿಗೆ ಅರ್ಧ ನಿಮಿಷದ ಅಂತರ.

ಮತ್ತೆ ಕೂರಿಸಿದ ದಿನ ಕರೆಂಟ್ ಬಂದಾಗ ನಾನು ದೊಡ್ಡವ್ವನ ಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದೆ. ಅವಳು ಗೂಟದ ಟವಲ್ ತೆಗೆದುಕೊಂಡು ಕೋಲು ಹಿಡಿದಳು.

"ಕೂತ್ಕೋ ದೊಡ್ಡವ್ವ. ನೀನು ನಡೀಬಾರ್ದು ಅಂತ್ಲೇ ಮಾಡಿರೋದು."

"ಹೋದ್ ಸಲಾನೂ ಹಂಗೇ ಅಂದಿದ್ದೆ," ಎಂದಳು.

ಎಂಜಲು ಕೈಯಲ್ಲೇ ಹಿಂದೆ ಹೋದೆ. ನಾವು ತಲುಪುವಷ್ಟರಲ್ಲಿ ಅವಳ ಪೈಪಿನಲ್ಲಿ ನೀರು ಬರುತ್ತಿತ್ತು, ಮುಂದಿನ ಮೋಟರುಗಳೂ ಪಾಳಿಯಂತೆ ಶುರುವಾಗಿದ್ದವು. ನೋಡುವವರು ಯಾರೂ ಇರಲಿಲ್ಲ. ಅವಳು ಬದು ಹತ್ತಿ ಟವಲ್ ಬೀಸಿದಳು. ಆಗಿನಿಂದ ಪೆಟ್ಟಿಗೆ ಒಂದು ದಿನವೂ ತಪ್ಪಿಲ್ಲ. ಅವಳು ದಿನವೂ ನಡೆಯುತ್ತಾಳೆ.