ಮಂಗಟ್ಟೆಯ ಗೂಡು ತೋರಿಸದ ದಿನ

ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಮೆಣಸಿನಕಾಯಿ ಹಂಗಾಮಿನಲ್ಲಿ ಕಿಟಕಿ ತೆರೆದರೆ ಇಡೀ ತರಗತಿ ಸೀನುತ್ತಿತ್ತು. ರಜೆ ಸಿಕ್ಕಿತೆಂದರೆ ಹಾವೇರಿಗೆ ಹೋಗಿ ಶಿರಸಿ ಬಸ್ಸು ಹತ್ತುವುದು, ಅಲ್ಲಿಂದ ಕುಮಟಾ ಕಡೆಗಿನ ಘಟ್ಟದ ತಿರುವಿನಲ್ಲಿ ಎಲ್ಲಾದರೂ ಇಳಿದು ನಡೆಯುವುದು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಹೆಂಗಸೊಬ್ಬಳು ಹೆಗಲಿಗೆ ಚೀಲ ಹಾಕಿಕೊಂಡು ಕಾಡಿಗೆ ಹೋಗುತ್ತಾಳೆಂದು ಓಣಿಯಲ್ಲಿ ಆಡಿಕೊಳ್ಳುತ್ತಿದ್ದರು. ನನ್ನ ಗಂಡ ಮಾತ್ರ ಬುತ್ತಿ ಕಟ್ಟಿಕೊಟ್ಟು, "ಹುಷಾರು ಹೋಗಿ ಬಾ, ಬಸ್ ತಪ್ಪಿಸ್ಕೋಬ್ಯಾಡ" ಎಂದಷ್ಟೇ ಹೇಳುತ್ತಿದ್ದರು.

ನನಗೆ ಹಕ್ಕಿ ನೋಡುವುದನ್ನು ಕಲಿಸಿದವರು ರಾಣೆಬೆನ್ನೂರಿನ ಕಾಲೇಜಿನ ಪ್ರಾಧ್ಯಾಪಕರೊಬ್ಬರು. ಕೃಷ್ಣಮೃಗಗಳ ಬಯಲಿನಲ್ಲಿ ತಮ್ಮ ದುರ್ಬೀನನ್ನು ನನ್ನ ಕೈಗೆ ಕೊಟ್ಟು, "ಉಸಿರು ಹಿಡೀರಿ, ಆಮೇಲೆ ನೋಡ್ರಿ" ಎಂದವರು ಅವರೇ. ಸುತ್ತಲಿನ ಮೂರು ಊರುಗಳಿಂದ ಇಪ್ಪತ್ತು ಮೂವತ್ತು ಜನರನ್ನು ಕೂಡಿಸಿ ಸಹ್ಯಾದ್ರಿಗೆ ಕರೆದೊಯ್ಯುತ್ತಿದ್ದರು. ಆ ಋಣ ಇದ್ದುದರಿಂದಲೇ ನಾನು ಮೋಸ ಹೋದೆ.

ಒಂದು ಮಾರ್ಚಿನಲ್ಲಿ ನಾನು ಒಬ್ಬಳೇ ಇದ್ದಾಗ ದೊಡ್ಡ ಮಂಗಟ್ಟೆ ಹಕ್ಕಿಯ ಗೂಡು ಕಂಡಿತು. ಹಳ್ಳದಾಚೆಯ ಹಳೆಯ ಮರದಲ್ಲಿ, ಮೂರಾಳೆತ್ತರದ ಪೊಟರೆ. ಹೆಣ್ಣು ಒಳಗೆ ಕುಳಿತು ಪೊಟರೆಯ ಬಾಯಿಯನ್ನು ಹಿಕ್ಕೆ, ಮಣ್ಣಿನಿಂದ ಮೆತ್ತಿ ಮುಚ್ಚಿಕೊಂಡಿತ್ತು. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿದಿತ್ತು. ಗಂಡು ಬಂದು ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಆ ಸೀಳಿಗೆ ಇಡುತ್ತಿತ್ತು. ಅದು ಹಾರಿದಾಗ ರೆಕ್ಕೆಯ ಸದ್ದು ಗುಡ್ಡದ ಮೇಲೆ ಯಾರೋ ದಪ್ಪ ಬಟ್ಟೆ ಝಾಡಿಸಿದಂತೆ ಕೇಳುತ್ತಿತ್ತು. ಮೂರು ವಾರ ಯಾರಿಗೂ ಹೇಳಲಿಲ್ಲ. ಕೊನೆಗೆ ಗುರುಗಳಿಗೆ ಹೇಳದಿದ್ದರೆ ಹೇಗೆ ಅನ್ನಿಸಿತು. ಅವರೊಬ್ಬರನ್ನೇ ಕರೆದೊಯ್ದು ತೋರಿಸಿದೆ.

"ಯಾರಿಗೂ ಹೇಳಬ್ಯಾಡ್ರಿ ಸರ್."

"ಛೇ, ನನಗ ತಿಳಿಯಂಗಿಲ್ಲೇನ್ರಿ?" ಎಂದರು.

ಹತ್ತನೆಯ ದಿನ ಪತ್ರಿಕೆಯಲ್ಲಿ ಗೂಡಿನ ಚಿತ್ರ ಬಂತು. ಹುಡುಕಿದವರು ಅವರೇ ಎಂದು ಕೆಳಗೆ ಬರೆದಿತ್ತು. ಚಿತ್ರ ತುಂಬ ಸ್ಪಷ್ಟವಾಗಿತ್ತು. ಗೂಡಿಗೆ ಅಡ್ಡವಾಗಿದ್ದ ಟೊಂಗೆಗಳು ಚಿತ್ರದಲ್ಲಿರಲಿಲ್ಲ. ಮರುದಿನವೇ ರಜೆ ಹಾಕಿ ಹೋದೆ. ಟೊಂಗೆ ಕಡಿದು ಬೆಳಕು ಬರಿಸಿದ್ದರು. ಪೊಟರೆಯ ಬಾಯಿ ಒಡೆದಿತ್ತು, ಹೆಣ್ಣಿನ ಸುಳಿವಿರಲಿಲ್ಲ. ಮರದ ಬುಡದಲ್ಲಿ ಪುಕ್ಕ ಬಲಿಯದ ಮರಿಯೊಂದು ಇರುವೆ ಮುತ್ತಿ ಬಿದ್ದಿತ್ತು. ಗಂಡಿಗಾಗಿ ಮಧ್ಯಾಹ್ನದವರೆಗೆ ಕಾದೆ. ಬರಲಿಲ್ಲ.

ಪ್ರಾಧ್ಯಾಪಕರನ್ನು ಕೇಳಿದ್ದಕ್ಕೆ, "ಜನ ನೋಡಿದ್ರ ತಾನ ಕಾಡು ಉಳಿಯೂದು? ನೀವು ಭಾಳ ಸೂಕ್ಷ್ಮ ಆದ್ರಿ" ಎಂದು ನಕ್ಕರು. ಆ ನಗು ನನ್ನ ಎದೆಯಲ್ಲಿ ಕೂತಿತು. ಪಾಠ ಮಾಡುವಾಗ, ರೊಟ್ಟಿ ಬಡಿಯುವಾಗ ಅದೇ ನೆನಪು. ಬಡಿದ ರಭಸಕ್ಕೆ ರೊಟ್ಟಿ ಹರಿದರೆ ಗಂಡ ತುಂಡು ಕೂಡಿಸಿಕೊಂಡು ತಿನ್ನುತ್ತಿದ್ದರು. ಪತ್ರಿಕೆಗೆ ಬರೆಯಬಹುದಿತ್ತು. ಬರೆಯಲಿಲ್ಲ. ಅವರಿಗೆ ಅವಮಾನ ಆಗಬೇಕು, ಅದೂ ಅದೇ ಕಾಡಿನಲ್ಲಿ, ಅವರನ್ನು ಹೊಗಳುವವರ ಎದುರಿಗೇ ಆಗಬೇಕು. ಒಂದು ವರ್ಷ ಅವರೊಂದಿಗೆ ನಗುನಗುತ್ತ ಮಾತಾಡಿದೆ.

ಮರುವರ್ಷ ಮಾರ್ಚಿನಲ್ಲಿ ಅವರು ಇಪ್ಪತ್ತಾರು ಜನರನ್ನು ಕೂಡಿಸಿ, "ನನ್ನ ಮಂಗಟ್ಟೆ ಗೂಡು ತೋರಸ್ತೇನಿ ಬರ್ರಿ" ಎಂದರು. ಮಂಗಟ್ಟೆ ವರ್ಷವರ್ಷವೂ ಅದೇ ಪೊಟರೆಗೆ ಮರಳುತ್ತದೆಂದು ಅವರ ಲೆಕ್ಕ. ನಾನೂ ಹೊರಟೆ. ವಾರದ ಮೊದಲೇ ಒಬ್ಬಳೇ ಹೋಗಿ ನೋಡಿ ಬಂದಿದ್ದೆ. ಮಳೆಗಾಲದಲ್ಲಿ ಗುಡ್ಡ ಜರಿದು ಹಳೆಯ ಕಾಲುದಾರಿ ಕೊಚ್ಚಿಹೋಗಿತ್ತು. ಹಳ್ಳ ದಾಟುವ ಜಾಗ ಈಗ ಬಲಗಡೆಯ ಬಂಡೆಗಳ ಸಂದಿಯಲ್ಲಿತ್ತು. ಆಚೆಗೆ, ಇನ್ನೊಂದು ಮರದಲ್ಲಿ, ಒಂದು ಜೋಡಿ ಹೊಸ ಪೊಟರೆಯ ಬಾಯಿ ಮೆತ್ತತೊಡಗಿತ್ತು.

ದಾರಿಯ ಕವಲಿನಲ್ಲಿ ಪ್ರಾಧ್ಯಾಪಕರು ಒಂದು ಕ್ಷಣ ನಿಂತರು. ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿದೆ. ಅವರು ಎಡಕ್ಕೆ ಹೊರಳಿದರು.

ಎರಡೂವರೆ ತಾಸು ಅಲೆದೆವು. ಒಣ ಎಲೆಯ ಮೇಲೆ ಕಾಲು ಜಾರುತ್ತಿತ್ತು, ಉಣ್ಣೆಗಳು ಕಾಲಿಗೆ ಹತ್ತುತ್ತಿದ್ದವು, ನೀರು ಮುಗಿಯಿತು. ಏರು ಹತ್ತಿದಾಗ ದೂರದಲ್ಲಿ ಸಮುದ್ರದ ಮಸುಕು ಗೆರೆ ಕಂಡಿತು. ಯಾರೂ ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಪ್ರಾಧ್ಯಾಪಕರ ಅಂಗಿ ಬೆನ್ನಿಗಂಟಿತ್ತು. ಪ್ರತಿ ಮರದ ಕೆಳಗೂ ನಿಂತು, "ಇದ ಇರಬೇಕು" ಅನ್ನುತ್ತಿದ್ದರು. ನನಗೆ ಸುಖವಾಗುತ್ತಿತ್ತು. ಸುಳ್ಳು ಹೇಳಲಾರೆ.

ಕೊನೆಗೆ ಎಲ್ಲರೆದುರು ನನ್ನ ಹತ್ತಿರ ಬಂದರು. "ಟೀಚರ್, ನಿಮಗ ನೆನಪೈತೇನು?"

"ನನಗೇನ್ ಗೊತ್ರಿ ಸರ್? ಹುಡುಕಿದವರು ನೀವು."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಇನ್ನೊಬ್ಬರು, "ಹಂಗಾರ ಪೇಪರ್‌ನ್ಯಾಗ ಬಂದಿದ್ದು?" ಎಂದರು. ಪ್ರಾಧ್ಯಾಪಕರ ಮುಖದ ಬಣ್ಣ ಇಳಿಯಿತು. ನಾನು ಏನು ಮಾಡಿದ್ದೇನೆಂದು ಅವರಿಗೆ ಆಗಲೇ ಗೊತ್ತಾಯಿತು. ಬಾಯಿ ಬಿಡುವಂತಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಇಳಿಯುವಾಗ ಗುತ್ತಲದ ನಿವೃತ್ತ ಪೋಸ್ಟ್ ಮಾಸ್ತರರು ಎಲೆಯ ಮೇಲೆ ಜಾರಿ ಬಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಜೀವಮಾನದಲ್ಲಿ ಮೊದಲ ಬಾರಿ ಘಟ್ಟಕ್ಕೆ ಬಂದಿದ್ದರು. ಮಣಿಕಟ್ಟು ಮುರಿದಿತ್ತು. ನನ್ನ ಸೀರೆಯ ಸೆರಗು ಹರಿದು ಜೋಳಿಗೆ ಕಟ್ಟಿದೆ. ಹತ್ತಿರದ ದಾರಿ ನನಗೆ ಗೊತ್ತಿತ್ತು. ಮುಂದೆ ನಿಂತು, "ಎಲ್ಲಾರೂ ನನ್ನ ಹಿಂದ ಬರ್ರಿ" ಎಂದೆ. ಮುಕ್ಕಾಲು ತಾಸಿನಲ್ಲಿ ರಸ್ತೆಗೆ ತಂದೆ. ದಾರಿ ಗೊತ್ತಿಲ್ಲ ಅಂದವಳು ಹೇಗೆ ತಂದಳೆಂದು ಎಲ್ಲರಿಗೂ ತಿಳಿಯಿತು. ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ.

ಗುಂಪು ಅಲ್ಲಿಗೇ ಒಡೆಯಿತು. ಪ್ರಾಧ್ಯಾಪಕರು ಆಮೇಲೆ ಘಟ್ಟದ ಕಡೆ ಬರಲಿಲ್ಲವಂತೆ. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಒಮ್ಮೆ ಎದುರಾದಾಗ ಅವರು ಮುಖ ತಿರುಗಿಸಿದರು. ನಾನು ತಿರುಗಿಸಲಿಲ್ಲ, ಅವರು ಬಸ್ಸು ಹತ್ತುವವರೆಗೂ ನೋಡುತ್ತಲೇ ನಿಂತೆ.

ತಿಂಗಳ ನಂತರ ಗುತ್ತಲಕ್ಕೆ ಹೋದೆ. ಪೋಸ್ಟ್ ಮಾಸ್ತರರು ಕಟ್ಟೆಯ ಮೇಲೆ ಕೂತು ಎಡಗೈಯಿಂದ ಚಹಾ ಕುಡಿಯುತ್ತಿದ್ದರು.

"ಬೇಕಂತ ಸುಮ್ಮನಿದ್ರಿ, ಹೌದಿಲ್ರಿ?"

"ಹೌದ್ರಿ," ಎಂದೆ. ಗೂಡಿನ ಕಥೆ, ಇರುವೆ ಮುತ್ತಿದ ಮರಿಯ ಕಥೆ ಪೂರ್ತಿ ಹೇಳಿದೆ. ಹೊಸ ಗೂಡು ಉಳಿಯಲೆಂದು ಹಾಗೆ ಮಾಡಿದೆ ಎನ್ನಬಹುದಿತ್ತು. ಅದು ಅರ್ಧ ಮಾತ್ರ ನಿಜವಾಗುತ್ತಿತ್ತು. ಆ ಮನುಷ್ಯ ಬೆವರುವುದನ್ನು ನೋಡಬೇಕಿತ್ತು ಎಂದೇ ಹೇಳಿದೆ.

ಅವರು ಚಹಾದ ಕಪ್ ಕೆಳಗಿಟ್ಟರು. "ಅಂವಗ ಮಾಡಿದ್ದು ತಪ್ಪಂತ ನಾ ಅನ್ನೂದಿಲ್ಲ. ಆದ್ರ ನನ್ನ ಕೈ ಏನ್ ಮಾಡಿತ್ರಿ ನಿಮಗ?"

ನಾನು ಪಟ್ಟಿ ಸುತ್ತಿದ ಅವರ ಬಲಗೈ ನೋಡುತ್ತ ಕೂತೆ. ಒಳಗಿನಿಂದ ಅವರ ಸೊಸೆ ನನಗೂ ಒಂದು ಕಪ್ ಚಹಾ ತಂದಿಟ್ಟಳು.